ಹಡಗಿನ ಮೇಷ್ಟ್ರ ಪೆನ್ನು

ಅಜ್ಜನ ಪೆನ್ನನ್ನು ಹಾಳು ಮಾಡಿದವನು ನಾನೇ. ಧಾರವಾಡದ ಮನೆ ಖಾಲಿ ಮಾಡುವಾಗ ಅವ್ವ ಕೈಗಿಟ್ಟ ಕಪ್ಪು ಪೈಲಟ್ ಅದು. ಪುಣೆಗೆ ತಂದು ರಾತ್ರಿಯಿಡೀ ನೀರಲ್ಲಿ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಕಂದುಬಣ್ಣಕ್ಕೆ ತಿರುಗಿತ್ತು. ಗಾಬರಿಯಾಗಿ ಹಿತ್ತಾಳೆ ಪಾಲಿಶ್ ಹಚ್ಚಿ ಉಜ್ಜಿದೆ. ಹೊಳಪು ಬಂತು, ಮೈಮೇಲೆ ಒತ್ತಿದ್ದ ಅಕ್ಷರ ಹೋಯಿತು. ಅಪ್ಪಾ ಬಳವಂತ ಚೌಕದ ಹತ್ತಿರ ಪೆನ್ನು ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಬೈಯಲಿಲ್ಲ. ಇನ್ನು ಇದರ ವಯಸ್ಸು ಹೇಳುವುದು ಕಷ್ಟ ಎಂದರಷ್ಟೆ.

ಆ ನಾಚಿಕೆಯಲ್ಲೇ ಇದನ್ನು ಮಾಡಿಸಿದ ಮನುಷ್ಯನ ಬಗ್ಗೆ ಓದತೊಡಗಿದೆ. ಅವರು ರ್ಯೋಸುಕೆ ನಮಿಕಿ. ಮೊದಲು ಹಡಗಿನ ಎಂಜಿನಿಯರ್, ಆಮೇಲೆ ಟೋಕಿಯೊದ ನೌಕಾ ಶಾಲೆಯಲ್ಲಿ ಮೇಷ್ಟ್ರು. ನಕ್ಷೆ ಬರೆಯುವ ಪೆನ್ನಿನಲ್ಲಿ ಪದೇ ಪದೇ ಶಾಯಿ ಕಟ್ಟಿಕೊಳ್ಳುವುದು ಅವರಿಗೆ ತಲೆನೋವಾಗಿತ್ತು. ಚಾಕಣದ ಕಾರ್ಖಾನೆಯಲ್ಲಿ ಡ್ರಾಯಿಂಗ್ ಮಾಡುವ ನನಗೆ ಈ ಸಂಕಟ ಅರ್ಥವಾಗುತ್ತದೆ. ನಮ್ಮಲ್ಲಿ ಕಂಪ್ಯೂಟರ್ ಕಟ್ಟಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಆ ಪೆನ್ನು ಸುಧಾರಿಸಲು ಹೋದವರು 1916ರಲ್ಲಿ ಚಿನ್ನದ ನಿಬ್ಬನ್ನೇ ಮಾಡಿದರು. 1918ರಲ್ಲಿ ಗೆಳೆಯ ಮಸಾವೊ ವಾಡಾ ಜೊತೆ ನಮಿಕಿ ಕಂಪನಿ ಕಟ್ಟಿದರು. ಪೆನ್ನಿಗಿಟ್ಟ ಹೆಸರೂ ಸಮುದ್ರದ್ದೇ: ಹಡಗಿಗೆ ದಾರಿ ತೋರುವವನು, ಪೈಲಟ್.

ಆಗ ಪೆನ್ನಿನ ಮೈ ಎಬೊನೈಟ್, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು. ಬಿಸಿಲು, ತೇವ ತಗುಲಿದರೆ ಬಣ್ಣಗೆಡುತ್ತದೆ. ಇದನ್ನು ತಡೆಯಲೆಂದೇ ನಮಿಕಿ ಮರದ ಅರಗಿನ ಲೇಪ ಕೊಡುವ ವಿಧಾನ ಹುಡುಕಿ 1925ರಲ್ಲಿ ಪೇಟೆಂಟ್ ಪಡೆದರು. ಅರಗು ಬಂದ ಮೇಲೆ ಚಿತ್ರವೂ ಬಂತು. ಕಾನಜಾವಾದ ಗೊನ್ರೊಕು ಮತ್ಸುದಾ ಮತ್ತು ಸಂಗಡಿಗರು ಹಸಿ ಅರಗಿನ ಮೇಲೆ ಚಿನ್ನದ ಪುಡಿ ಉದುರಿಸಿ ಪೆನ್ನಿನ ಮೇಲೆ ಮೀನು, ಹೂವು ಬಿಡಿಸಿದರು. 1930ರಲ್ಲಿ ಡನ್‌ಹಿಲ್ ಜೊತೆ ಒಪ್ಪಂದವಾಗಿ ಅವು ಯೂರೋಪಿನ ಅಂಗಡಿಗಳನ್ನು ಸೇರಿದವು. ಆ ಮನುಷ್ಯ ಯಾವ ಬಣ್ಣಗೇಡಿನೊಂದಿಗೆ ಸೆಣಸಿದರೋ ಅದನ್ನು ನಾನು ಒಂದು ಬಕೆಟ್ ನೀರಿನಲ್ಲಿ ಮಾಡಿ ಮುಗಿಸಿದ್ದೆ!

1938ರಲ್ಲಿ ಕಂಪನಿಯ ಹೆಸರು ಪೈಲಟ್ ಎಂದಾಯಿತು. ಹಾಗಾಗಿ ಮೈಮೇಲೆ ನಮಿಕಿ ಕಂಪನಿಯ ಹೆಸರಿದ್ದರೆ ಪೆನ್ನು ಅದಕ್ಕೂ ಹಿಂದಿನದು. ನಾನು ಉಜ್ಜಿ ತೆಗೆದದ್ದು ಆ ಸಾಲನ್ನೇ. ಈಗ ಉಳಿದಿರುವುದು ನಿಬ್ಬು. ಅದು ಉಕ್ಕಿನದು. ಯುದ್ಧಕಾಲದಲ್ಲಿ ಜಪಾನು ಚಿನ್ನಕ್ಕೆ ನಿರ್ಬಂಧ ಹೇರಿತ್ತು, ಆಗಿನದಿರಬಹುದು. ಆದರೆ ನಿಬ್ಬು ಬದಲಾಯಿಸಿದ್ದರೂ ಇರಬಹುದು. ಯುದ್ಧದ ನಂತರದ ಪೈಲಟ್ ನಿಬ್ಬಾಗಿದ್ದರೆ ಸುಲಭ: ಎಚ್ 578 ಎಂದಿದ್ದರೆ ಹಿರಾತ್ಸುಕಾ ಕಾರ್ಖಾನೆ, ಮೇ 1978.

ಈಗ ಅದನ್ನು ಶಾಯಿ ಹಾಕದೆ, ಕತ್ತಲೆಯ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಒಣಬಟ್ಟೆ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ. ಮೊನ್ನೆ ಮಗಳು ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ಒಂದು ನೆಟ್ಟನೆಯ ಗೆರೆ ಕಂಡಿತಂತೆ. ಪೈಲಟ್‌ನ ಪಿಯೋ, ನಮಿಕಿಯ ಎನ್ನೋ ಎಂದು ನಾವಿಬ್ಬರೂ ಇನ್ನೂ ವಾದಿಸುತ್ತಿದ್ದೇವೆ.