ಬಾಗಿಲು ಕಾಯುವವನ ಮಗ, ಕುರ್‌ಆನ್ ಪುಟಗಳಿಗೆ ಚಿನ್ನ ಬರೆದ ಇಬ್ನುಲ್ ಬವ್ವಾಬ್

ಮದ್ರಸದಲ್ಲಿ ಕುರ್‌ಆನ್ ಬಿಡಿಸಿ ಕೂತ ಪ್ರತಿ ಮಗುವಿಗೂ ಕೆಲವು ಸಂಗತಿ ಗೊತ್ತು. ಸೂರಾದ ಹೆಸರು ಅಲಂಕಾರದ ಚೌಕಟ್ಟಿನೊಳಗೆ ಇರುತ್ತದೆ. ಆಯತ್ ಮುಗಿದಲ್ಲಿ ಪುಟ್ಟ ಹೂವಿನಂಥ ಗುರುತು. ಅಂಚಿನಲ್ಲಿ ಸಜ್ದಾ ತಿಳಿಸುವ ಚಿಹ್ನೆ. ಈಗ ಇವೆಲ್ಲ ಯಂತ್ರದಲ್ಲಿ ಅಚ್ಚಾಗಿ ಬರುತ್ತವೆ. ಸಾವಿರ ವರ್ಷಗಳ ಹಿಂದೆ ಹಾಗಿರಲಿಲ್ಲ. ಒಬ್ಬ ಮನುಷ್ಯ ಕೂತು, ಚಿನ್ನ ಅರೆದು, ಕುಂಚ ಹಿಡಿದು ಒಂದೊಂದನ್ನೂ ಕೈಯಿಂದಲೇ ಬರೆಯಬೇಕಿತ್ತು. ಆ ಕೆಲಸದಲ್ಲಿ ಹೆಸರು ಮಾಡಿದವರಲ್ಲಿ ಬಗ್ದಾದ್‌ನ ಅಲಿ ಇಬ್ನ್ ಹಿಲಾಲ್ ಮುಖ್ಯರು. ಜಗತ್ತು ಅವರನ್ನು ಇಬ್ನುಲ್ ಬವ್ವಾಬ್ ಎಂದೇ ನೆನಪಿಟ್ಟುಕೊಂಡಿದೆ.

ಬವ್ವಾಬ್ ಅಂದರೆ ಬಾಗಿಲು ಕಾಯುವವನು. ತಂದೆಯ ಕೆಲಸ ಅದು. ದೊಡ್ಡವರ ಮನೆಯ ಪರದೆಯ ಬಳಿ ನಿಲ್ಲುವವನ ಮಗ ಎಂಬ ಅರ್ಥದಲ್ಲಿ ಇಬ್ನು ಸ್ಸಿತ್ರೀ ಅಂತಲೂ ಜನ ಕರೆಯುತ್ತಿದ್ದರು. ವಂಶ, ಮನೆತನ ನೋಡಿ ಮಣೆ ಹಾಕುವ ಕಾಲದಲ್ಲಿ ಅಂಥ ಹೆಸರು ಹೊತ್ತು ದೊಡ್ಡವರ ನಡುವೆ ಓಡಾಡುವುದು ಸುಲಭದ ಮಾತಲ್ಲ.

ಅವರು ಮೊದಲು ಕಲಿತದ್ದು ಅಕ್ಷರದ ಕಲೆಯಲ್ಲ, ಬಣ್ಣದ ಕೆಲಸ. ಶ್ರೀಮಂತರ ಮನೆಗಳ ಗೋಡೆಗೆ ಬಣ್ಣ ಬಳಿದು ಚಿತ್ತಾರ ಬಿಡಿಸುವುದು ಅವರ ಮೊದಲ ದುಡಿಮೆ. ಅಲ್ಲಿಂದ ಪುಸ್ತಕಗಳ ಅಲಂಕಾರಕ್ಕೆ ಬಂದರು. ಗೋಡೆ ದೊಡ್ಡದು, ಒಂದು ಗೆರೆ ಸೊಟ್ಟಗಾದರೆ ಮೇಲೆ ಮತ್ತೆ ಬಣ್ಣ ಬಳಿಯಬಹುದು. ಪುಟ ಹಾಗಲ್ಲ. ಅಂಗೈಯಷ್ಟು ಜಾಗ, ತಪ್ಪಿದರೆ ಹಾಳೆಯೇ ಹಾಳು.

ಈ ಕಲೆಗೆ ಅರಬಿಯಲ್ಲಿ ತದ್‌ಹೀಬ್ ಎನ್ನುತ್ತಾರೆ, ಅಂದರೆ ಚಿನ್ನ ಲೇಪಿಸುವುದು. ಹೊಸಬನಿಗೆ ಕುಂಚ ಸಿಗುವ ಮೊದಲೇ ಸಾಕಷ್ಟು ಕೆಲಸ ಇರುತ್ತದೆ. ಕಾಗದಕ್ಕೆ ಗಂಜಿ ಸವರಿ ಒಣಗಿಸಬೇಕು, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ತರಬೇಕು. ಇಲ್ಲದಿದ್ದರೆ ಮಸಿ ಹರಡಿಬಿಡುತ್ತದೆ. ಚಿನ್ನವನ್ನು ಬಡಿದು ಮಾಡಿದ ತೆಳುವಾದ ರೇಕನ್ನು ಜೇನು ಅಥವಾ ಗೋಂದಿನ ಜೊತೆ ಬೆರಳಿನಿಂದ ತಾಳ್ಮೆಯಿಂದ ಅರೆಯಬೇಕು. ಆಮೇಲೆ ನೀರಿನಲ್ಲಿ ತೊಳೆದು ಚಿನ್ನ ತಳಕ್ಕೆ ಕೂರುವವರೆಗೆ ಕಾಯಬೇಕು. ಅವಸರ ಮಾಡಿದರೆ ಪುಡಿ ದಪ್ಪಗೆ ಉಳಿದು ಗೆರೆ ತರಿತರಿಯಾಗುತ್ತದೆ. ಬಳಿದ ಚಿನ್ನ ಮೊದಲು ಮಂಕಾಗಿಯೇ ಕಾಣುತ್ತದೆ. ಒಣಗಿದ ಮೇಲೆ ಅಕೀಕ್‌ನಂಥ ಗಟ್ಟಿ ಕಲ್ಲಿನಿಂದ ಉಜ್ಜಿದಾಗ ಮಾತ್ರ ಬೆಳಕು ಬರುತ್ತದೆ. ಕೊನೆಗೆ ಸುತ್ತಲೂ ಕೂದಲೆಳೆಯಷ್ಟು ಸಣ್ಣ ಗೆರೆ. ಇಡೀ ಕೆಲಸ ನಿಲ್ಲುವುದೋ ಕೆಡುವುದೋ ಆ ಗೆರೆಯಲ್ಲಿ.

ಪುಸ್ತಕಕ್ಕೆ ಚಿನ್ನ ಹಾಕುತ್ತಾ ಹಾಕುತ್ತಾ ಅವರ ಮನಸ್ಸು ಅಕ್ಷರದ ಕಡೆ ಹೊರಳಿತು. ಆಗ ಬರವಣಿಗೆಯ ಲೋಕದಲ್ಲಿ ಇಬ್ನ್ ಮುಕ್ಲಾ ಎಂಬ ಹೆಸರಿಗೆ ಸಾಟಿ ಇರಲಿಲ್ಲ. ಅಬ್ಬಾಸಿ ಖಲೀಫರಿಗೆ ವಝೀರರಾಗಿದ್ದು, ರಾಜಕೀಯದ ಸುಳಿಗೆ ಸಿಕ್ಕಿ ಬಲಗೈ ಕಳೆದುಕೊಂಡು, 940ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡವರು ಅವರು. ಲೇಖನಿಯ ತುದಿಯಿಂದ ಮೂಡುವ ಚುಕ್ಕಿಯನ್ನು ಅಳತೆಗೋಲು ಮಾಡಿಕೊಂಡು ಪ್ರತಿ ಅಕ್ಷರಕ್ಕೂ ಪ್ರಮಾಣ ಕಟ್ಟಿದ ಕೀರ್ತಿ ಅವರದು. ಇಬ್ನುಲ್ ಬವ್ವಾಬ್ ಆ ಪರಂಪರೆಯ ಉಸ್ತಾದರಾದ ಮುಹಮ್ಮದ್ ಇಬ್ನ್ ಅಸದ್ ಮತ್ತು ಸಿಮ್‌ಸಿಮಾನಿ ಅವರ ಬಳಿ ಕಲಿತರು. ಲೆಕ್ಕಾಚಾರದ ಆ ಅಕ್ಷರಗಳಿಗೆ ಬಳುಕು, ಚೆಲುವು ತಂದುಕೊಟ್ಟರು. ಕುರ್‌ಆನ್ ಅವರಿಗೆ ಕಂಠಪಾಠವಾಗಿತ್ತು. ಬಗ್ದಾದ್‌ನ ಮನ್ಸೂರ್ ಮಸೀದಿಯಲ್ಲಿ ಉಪದೇಶವನ್ನೂ ಮಾಡುತ್ತಿದ್ದರು.

ಮುಂದೆ ಬುವೈಹಿ ದೊರೆ ಬಹಾವುದ್ದೌಲಾ ಅವರ ಶೀರಾಝ್ ಗ್ರಂಥಾಲಯದ ಹೊಣೆ ಅವರ ಪಾಲಿಗೆ ಬಂತು. ಒಂದು ದಿನ ಪುಸ್ತಕಗಳ ರಾಶಿಯಲ್ಲಿ ಕಪ್ಪು ರಟ್ಟಿನ ಒಂದು ಹೊತ್ತಗೆ ಸಿಕ್ಕಿತು. ತೆರೆದು ನೋಡಿದರೆ ಇಬ್ನ್ ಮುಕ್ಲಾ ಕೈಬರಹದ ಕುರ್‌ಆನ್‌ನ ಒಂದು ಭಾಗ! ಹುಡುಕುತ್ತಾ ಹೋದಂತೆ 30 ಭಾಗಗಳಲ್ಲಿ 29 ಸಿಕ್ಕವು. ಒಂದು ಮಾತ್ರ ಎಷ್ಟು ಹುಡುಕಿದರೂ ಇಲ್ಲ. ಆ ಒಂದನ್ನು ತಾನೇ ಬರೆದು ಪೂರ್ತಿ ಮಾಡುತ್ತೇನೆ, ಉಳಿದವುಗಳ ನಡುವೆ ಅದು ಯಾವುದೆಂದು ದೊರೆಗೆ ಗೊತ್ತಾಗದಿದ್ದರೆ 100 ದೀನಾರ್ ಮತ್ತು ಗೌರವದ ನಿಲುವಂಗಿ ಕೊಡಬೇಕು ಎಂದು ಅವರು ಮಾತು ಪಡೆದರು.

ಗೋಡೆಗೆ ಬಣ್ಣ ಬಳಿಯುವ ದಿನಗಳಿಂದ ಕಲಿತದ್ದೆಲ್ಲ ಅಲ್ಲಿ ಒಟ್ಟಿಗೆ ಕೆಲಸಕ್ಕೆ ಬಂತು. ಗ್ರಂಥಾಲಯದಲ್ಲಿದ್ದ ಸಮರ್ಕಂದ್, ಚೀನಾ ಕಾಗದಗಳಲ್ಲಿ ಹಳೆಯ ಹೊತ್ತಗೆಗೆ ಹೊಂದುವುದನ್ನು ಆರಿಸಿದರು. ಇಬ್ನ್ ಮುಕ್ಲಾ ಶೈಲಿಯಲ್ಲೇ ಬರೆದರು. ಹೊಸ ಚಿನ್ನ ಹೊಸದಾಗಿ ಹೊಳೆದರೆ ಗುಟ್ಟು ರಟ್ಟಾಗುತ್ತದಲ್ಲ? ಅದಕ್ಕೇ ಚಿನ್ನಕ್ಕೂ ಹಳತಿನ ಕಳೆ ಬರುವಂತೆ ಮಾಡಿದರು. ಇನ್ನೊಂದು ಭಾಗದ ಹಳೆಯ ರಟ್ಟು ಬಿಚ್ಚಿ ತಾವು ಬರೆದದ್ದಕ್ಕೆ ಹಾಕಿದರು. ರಟ್ಟು ಕಳೆದುಕೊಂಡ ಭಾಗಕ್ಕೆ ಬೇರೆ ರಟ್ಟು ಮಾಡಿ, ಅದನ್ನೂ ಹಳತಿನಂತೆ ಕಾಣಿಸಿದರು.

ಸುಮಾರು ಒಂದು ವರ್ಷ ಕಳೆಯಿತು. ದೊರೆಗೆ ಆ ವಿಷಯವೇ ಮರೆತುಹೋಗಿತ್ತು. ಒಮ್ಮೆ ಇಬ್ನ್ ಮುಕ್ಲಾ ಮಾತು ಬಂದಾಗ ನೆನಪಾಗಿ ವಿಚಾರಿಸಿದರು. 30 ಭಾಗಗಳೂ ಮುಂದೆ ಬಂದವು. ಒಂದೊಂದನ್ನೂ ತಿರುವಿ ತಿರುವಿ ನೋಡಿದರೂ ಯಾವುದು ಹೊಸತು ಅಂತ ಗೊತ್ತೇ ಆಗಲಿಲ್ಲ. ಪಂದ್ಯ ಗೆದ್ದರು. ಆದರೆ ಗುಟ್ಟು ಹೊರಗೆ ಬರಬಾರದೆಂದು ಆಯಿತು. ದೀನಾರ್, ನಿಲುವಂಗಿ ಇವತ್ತು ನಾಳೆ ಎನ್ನುತ್ತಲೇ ಉಳಿದವು. ಕಾದು ಸಾಕಾದ ಇಬ್ನುಲ್ ಬವ್ವಾಬ್ ಕೊನೆಗೆ ಕೇಳಿದ್ದು ಗ್ರಂಥಾಲಯದಲ್ಲಿ ಸುಮ್ಮನೆ ಬಿದ್ದಿದ್ದ, ಏನೂ ಬರೆಯದ ಹಳೆಯ ಚೀನಾ ಕಾಗದವನ್ನು. ದೊರೆ ಕೊಟ್ಟರು. ಅದರಲ್ಲೇ ಅವರು ವರ್ಷಗಟ್ಟಲೆ ಬರೆದರು. ಹಣಕ್ಕಿಂತ ಒಳ್ಳೆಯ ಕಾಗದದ ಬೆಲೆ ಏನೆಂದು ಕೆಲಸಗಾರನಿಗಲ್ಲದೆ ಬೇರೆ ಯಾರಿಗೆ ಗೊತ್ತು?

ಶೀರಾಝ್‌ನ ಆ ಭಾಗ ಇನ್ನೊಬ್ಬರ ಹೆಸರಿನಲ್ಲೇ ಉಳಿಯಿತು. ಆದರೆ ಹಿಜರಿ 391ರಲ್ಲಿ, ಅಂದರೆ ಕ್ರಿ.ಶ. 1000-1001ರಲ್ಲಿ, ಬಗ್ದಾದ್‌ನಲ್ಲಿ ಬರೆದು ಮುಗಿಸಿದ ಒಂದು ಕುರ್‌ಆನ್‌ನ ಕೊನೆಯಲ್ಲಿ ಅವರು ತಮ್ಮ ಹೆಸರನ್ನೇ ಹಾಕಿದರು. ಆ ಪ್ರತಿ ಇವತ್ತಿಗೂ ಐರ್ಲೆಂಡ್‌ನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಒಟ್ಟು 286 ಹಾಳೆ, ಎತ್ತರ ಸುಮಾರು 18 ಸೆಂಟಿಮೀಟರ್ ಅಷ್ಟೇ. ಸರಾಗವಾಗಿ ಓದಬಹುದಾದ ದುಂಡನೆಯ ನಸ್ಖ್ ಬರಹ, ಚಿನ್ನದಲ್ಲಿ ಸೂರಾಗಳ ಹೆಸರು, ಅಂಚಿನಲ್ಲಿ ವೃತ್ತಾಕಾರದ ಗುರುತುಗಳು, ಮೊದಲಲ್ಲಿ ಮತ್ತು ಕೊನೆಯಲ್ಲಿ ಚಿನ್ನ, ನೀಲಿ, ಕಂದು ಬಣ್ಣಗಳ ತುಂಬು ಪುಟಗಳು. ಅಕ್ಷರದ ಜೊತೆ ಅಲಂಕಾರವೂ ಅವರ ಕೈಯದೇ ಎಂಬುದು ವಿದ್ವಾಂಸರ ಅಭಿಪ್ರಾಯ.

ಬದುಕಿದ್ದಾಗ ಸಿಕ್ಕ ಬೆಲೆ ಕಡಿಮೆ. ಅವರ ಉದ್ದ ಗಡ್ಡವನ್ನು ಗೇಲಿ ಮಾಡಿ ಕವಿತೆ ಕಟ್ಟಿದವರಿದ್ದರು. ಎರಡು ದೀನಾರ್ ಬೆಲೆಯೂ ಬಾಳದ ಒಂದು ಸಹಾಯಕ್ಕಾಗಿ ಅವರು ಸುಮಾರು 70 ಸಾಲಿನ ಪತ್ರ ಬರೆದಿದ್ದರಂತೆ. ಅವರ ಕಾಲದ ನಂತರ ಆ ಪತ್ರವೇ 17 ದೀನಾರ್‌ಗೆ, ಮತ್ತೊಮ್ಮೆ 25 ದೀನಾರ್‌ಗೆ ಮಾರಾಟವಾಯಿತೆಂದು ಚರಿತ್ರೆಕಾರ ಯಾಕೂತ್ ಅಲ್-ಹಮವಿ ದಾಖಲಿಸಿದ್ದಾರೆ.

1022ರಲ್ಲಿ ಬಗ್ದಾದ್‌ನಲ್ಲಿ ಅವರು ವಫಾತಾದರು. ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಅವರ ಕಬರ್‌ನ ಸಮೀಪ ದಫನ ಮಾಡಲಾಯಿತು. ಅವರ ಕಲಿಕೆಯ ಸರಪಣಿ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಶತಮಾನದಲ್ಲಿ ಬಗ್ದಾದ್‌ನ ಶುಹ್ದಾ ಎಂಬ ವಿದ್ವಾಂಸೆ, ಆಮೇಲೆ ಯಾಕೂತ್ ಅಲ್-ಮುಸ್ತಅ್‌ಸಿಮೀ ಅದನ್ನು ಮುಂದಕ್ಕೆ ಒಯ್ದರು.

ಬಾಗಿಲು ಕಾಯುವವನ ಮಗ ಎಂಬ ಹೆಸರನ್ನು ಅವರು ಅಳಿಸಲು ಹೋಗಲಿಲ್ಲ. ಕೈಯ ಕೆಲಸ ಆ ಹೆಸರಿನ ಅರ್ಥವನ್ನೇ ಬದಲಿಸಿತು. ಸಾವಿರ ವರ್ಷದ ಮೇಲೂ ಬವ್ವಾಬ್ ಅಂದ ಕೂಡಲೇ ಅಕ್ಷರ ಪ್ರೇಮಿಗಳಿಗೆ ನೆನಪಾಗುವುದು ಯಾವ ಅರಮನೆಯ ಬಾಗಿಲೂ ಅಲ್ಲ, ಚಿನ್ನದ ಅಂಚಿನ ಆ ಪುಟ್ಟ ಕುರ್‌ಆನ್.