ದೊಡ್ಡ ಸ್ವಾಮಿಯವರ ತಕ್ಕಡಿ

ಮತ ಯಾವುದಾದರೂ ಆಗಲಿ, ಅದರ ಹೊರಗಿನ ವೈರಿಗಳಿಗಿಂತ ಒಳಗಿನ ಡಾಂಭಿಕರಿಂದಲೇ ಅದಕ್ಕೆ ಹೆಚ್ಚಿನ ಕೇಡು. ನಮ್ಮ ಶರಣರೂ ದಾಸರೂ ಈ ಮಾತನ್ನು ತಮ್ಮವರನ್ನೇ ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. ಕ್ರೈಸ್ತ ಮತದ ವಿಷಯದಲ್ಲಿ ಕನ್ನಡ ನಾಡಿನಿಂದ ಅಂಥ ಮಾತನ್ನಾಡಿದವರು ಅಬ್ಬೆ ದುಬಾಯ್. 'ಅಬ್ಬೆ' ಎಂಬುದು ಫ್ರೆಂಚರು ಪಾದ್ರಿಗೆ ಸಲ್ಲಿಸುವ ಗೌರವದ ಹೆಸರು. ಮೈಸೂರು ಸೀಮೆಯ ಜನ ಇವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು.

ಇವರು ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನಲ್ಲಿ. 1792ರಲ್ಲಿ ಪಾದ್ರಿಯ ದೀಕ್ಷೆ ಪಡೆದು, ಅದೇ ವರ್ಷ ಹಡಗು ಹತ್ತಿ ಪಾಂಡಿಚೇರಿಯ ಕಡೆಗೆ ಹೊರಟರು. ಕೆಲವು ಕಾಲ ತಮಿಳು ಸೀಮೆಯಲ್ಲಿದ್ದರು. ಯೂರೋಪಿಯನ್ನರ ಸಹವಾಸವನ್ನು ಬಿಟ್ಟು, ಉಡುಗೆಯಲ್ಲಿಯೂ ನಡವಳಿಕೆಯಲ್ಲಿಯೂ ಈ ದೇಶದವರಂತೆ ಬಾಳತೊಡಗಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಂದುಗೂಡಿಸುವ ಹೊಣೆ ಹೊತ್ತು ಮೈಸೂರು ಸೀಮೆಗೆ ಬಂದರು.

ಬಂದೊಡನೆ ಎದುರಾದದ್ದು ಕಠಿನವಾದೊಂದು ಪ್ರಶ್ನೆ. ಟಿಪ್ಪುವಿನ ಕಾಲದಲ್ಲಿ ಬಲವಂತದಿಂದ ಮತ ಬಿಟ್ಟಿದ್ದ ಕ್ರೈಸ್ತರು ಒಬ್ಬೊಬ್ಬರಾಗಿ ಇವರ ಬಳಿಗೆ ಬಂದರು. ತಾವು ಮತವನ್ನು ಬಿಟ್ಟದ್ದು ಹೊರಗೆ ಮಾತ್ರ, ಒಳಗೆ ವಿಶ್ವಾಸವನ್ನು ಉಳಿಸಿಕೊಂಡೇ ಇದ್ದೆವು ಎಂದು ಅವರು ಹೇಳಿಕೊಂಡರು. ಆ ವೇಳೆಯಲ್ಲಿ ಎದುರು ನಿಂತವರು ಒಬ್ಬರೂ ಇರಲಿಲ್ಲವೆಂಬ ನೋವು ದುಬಾಯ್ ಅವರಲ್ಲಿ ಕೊನೆಯವರೆಗೂ ಇತ್ತು. ಆದರೂ ಅವರನ್ನು ಮರಳಿ ಸೇರಿಸಿಕೊಂಡರು. ಪ್ರಾಣಭಯದಿಂದ ಬಾಗಿದವನನ್ನು ಡಾಂಭಿಕನೆಂದು ತಳ್ಳಿಬಿಡುವುದು ಸುಲಭ. ಅವನ ಸ್ಥಾನದಲ್ಲಿ ನಿಂತು ನೋಡದವರಿಗೆ ಇನ್ನೂ ಸುಲಭ.

ಮುಂದೆ ಇವರು ಕಂಡದ್ದು ಇದಕ್ಕೆ ತದ್ವಿರುದ್ಧವಾದ ನೋಟ. ಹೊಸದಾಗಿ ಮತಕ್ಕೆ ಬಂದವರಲ್ಲಿ ಹೊರಗಿನ ಆಚಾರವೆಲ್ಲ ಇತ್ತು, ಒಳಗಿನ ವಿಶ್ವಾಸ ಮಾತ್ರ ಕಾಣದು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಇಂಡಿಯಾದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳಲ್ಲಿ ದುಬಾಯ್ ತಮ್ಮ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸಿದರು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ. ಹೆಚ್ಚಿನವರು ದಿಕ್ಕಿಲ್ಲದ ಬಡವರು. ಉಳಿದವರಲ್ಲಿ ಹಲವರು ಮದುವೆಯ ಸಂಬಂಧಕ್ಕಾಗಿಯೋ ಬೇರೊಂದು ಲಾಭಕ್ಕಾಗಿಯೋ ಬಂದವರು. ನಿಃಸ್ವಾರ್ಥವಾಗಿ, ಮನವೊಪ್ಪಿ ಬಂದವರು ಒಬ್ಬರೂ ನೆನಪಿಗೆ ಬರುವುದಿಲ್ಲವೆಂದು ನಾಚಿಕೆಯಿಂದಲೇ ಬರೆದರು. ದೋಷವನ್ನು ಬಡವರ ತಲೆಗೇ ಕಟ್ಟಿ ಸುಮ್ಮನಾಗಲೂ ಇಲ್ಲ. ಕ್ರೈಸ್ತರೆನಿಸಿಕೊಂಡ ಯೂರೋಪಿಯನ್ನರ ಕೆಟ್ಟ ನಡತೆಯನ್ನು ಕಣ್ಣಾರೆ ಕಾಣುವ ಜನ ಆ ಮತವನ್ನು ಹೇಗೆ ಗೌರವಿಸಿಯಾರು ಎಂಬುದು ಅವರ ಪ್ರಶ್ನೆಯಾಗಿತ್ತು. ಪ್ರಾಟೆಸ್ಟಂಟ್ ಪಾದ್ರಿಗಳಾದ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮುಂತಾದವರು ಸಿಡಿದೆದ್ದು ಉತ್ತರ ಬರೆದರು.

ಆದರೆ ನಿರಾಶೆ ಅವರನ್ನು ಕೈಕಟ್ಟಿ ಕೂರಿಸಲಿಲ್ಲ. ಹಾಸನದ ಸಮೀಪದ ಸಾತಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸವನ್ನು ಕೈಗೊಂಡರು; 1803–04ರ ಸುಮಾರಿನಲ್ಲಿ ಅದರ ಫಲ ಪಡೆದವರು 25,000ಕ್ಕೂ ಹೆಚ್ಚು. ಸೂಜಿಯ ಮುಂದೆ ತೋಳು ಚಾಚಿದವರ ಮತ ಯಾವುದೆಂದು ಸಿಡುಬು ಕೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಸ್ತೋತ್ರವಾದೀತು. ಪರರನ್ನು ತೂಗಿದ ತಕ್ಕಡಿಯಲ್ಲಿ ತೂಗಿದವರನ್ನೂ ಇಡಬೇಕು. ದುಬಾಯ್ ಅವರಿಗೆ ಕೀರ್ತಿ ತಂದದ್ದು ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ದೊಡ್ಡ ಗ್ರಂಥ. ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ಅದರ ಹಸ್ತಪ್ರತಿಯನ್ನು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1987ರಲ್ಲಿ ಫ್ರಾನ್ಸಿನ ವಿದುಷಿ ಸಿಲ್ವಿಯಾ ಮರ್ ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ತೋರಿಸಿದರು: ಅದರ ಬಹುಭಾಗದ ಮೂಲ, ಅದಕ್ಕೆ ಹಿಂದೆಯೇ ತೀರಿಹೋಗಿದ್ದ ಕೇರ್ದೂ ಎಂಬ ಜೆಸ್ವಿಟ್ ಪಾದ್ರಿಯ ಬರಹ. ಆ ಹಿರಿಯರ ಋಣ ದುಬಾಯ್ ಅವರ ಪುಸ್ತಕದಲ್ಲಿ ಕಾಣುವುದಿಲ್ಲ.

ಆ ಗ್ರಂಥದಲ್ಲಿ ಲಂಬಾಣಿಗರ ವಿಷಯವಾಗಿ ಬಂದಿರುವ ಪುಟಗಳನ್ನು ಓದುವಾಗ ನನಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ನೆನಪಾಗುತ್ತದೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿಗರು ನಂಬಿ, ಪ್ರತಿ ಫೆಬ್ರವರಿಯಲ್ಲಿ ದೂರದ ತಾಂಡಾಗಳಿಂದ ಬಂದು ನೆರೆಯುವ ಪುಣ್ಯಕ್ಷೇತ್ರ ಅದು. ಅಂಥ ಭಕ್ತಿಯುಳ್ಳ ಜನವನ್ನು ಕಳ್ಳರೆಂದೂ ನರಬಲಿ ಕೊಡುವವರೆಂದೂ ಆ ಪುಟಗಳು ಬಣ್ಣಿಸುತ್ತವೆ. ತಮ್ಮ ಮಂದೆಯ ಒಳಗನ್ನು ಅಷ್ಟು ನಿಷ್ಠುರವಾಗಿ ಶೋಧಿಸಿದ ಕಣ್ಣು, ಅಲೆಮಾರಿಗಳ ವಿಷಯದಲ್ಲಿ ಕೇಳಿದ ಮಾತನ್ನೇ ನಂಬಿಬಿಟ್ಟಿತು.

1823ರ ಜನವರಿಯಲ್ಲಿ ಕಂಪನಿಯ ವಿಶ್ರಾಂತಿವೇತನದೊಂದಿಗೆ ಅವರು ಇಂಡಿಯಾವನ್ನು ಬಿಟ್ಟರು. ತಮಿಳು, ತೆಲುಗು, ಕನ್ನಡ ಪ್ರತಿಗಳ ಆಧಾರದಿಂದ ಪಂಚತಂತ್ರವನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು. ಪರದೇಶಗಳಿಗೆ ಪಾದ್ರಿಗಳನ್ನು ಕಳಿಸುವ ಪ್ಯಾರಿಸ್ಸಿನ ಗುರುಮಠದಲ್ಲಿ ಸೇವೆ ಸಲ್ಲಿಸಿ, ಕೆಲವು ವರ್ಷ ಅದರ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡರು.

ಹಿಂದೂ ಜನತೆ ಕ್ರೈಸ್ತಮತಕ್ಕೆ ಬರಲಾರದೆಂದು ಬರೆದವರು ಪಾದ್ರಿಗಳನ್ನು ಸಿದ್ಧಪಡಿಸಿದ್ದು ಡಾಂಭಿಕತೆಯಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ನಂಬಿದಷ್ಟು ಎತ್ತರಕ್ಕೆ ಬಾಳಲಾರದಿರುವುದು ಮನುಷ್ಯರೆಲ್ಲರ ಪಾಡು. ಆ ಕೊರತೆಯನ್ನು ಮುಚ್ಚಿಟ್ಟು ಮೆರೆಯುವುದು ಡಾಂಭಿಕತೆ. ತಮ್ಮ ದುಡಿಮೆಯ ಸೋಲನ್ನು ದುಬಾಯ್ ಮುಚ್ಚಿಡಲಿಲ್ಲ, ಅಚ್ಚುಹಾಕಿಸಿ ಹಂಚಿದರು. ಅಲ್ಲಿ ಅವರು ಸತ್ಯವಂತರು. ಕೇರ್ದೂ ಅವರ ಋಣವನ್ನು ಮುಚ್ಚಿಟ್ಟರು. ಅಲ್ಲಿ ಅವರೂ ಡಾಂಭಿಕರು. ಇದರಿಂದ ವಿಶ್ವಾಸವೇ ಸುಳ್ಳೆಂದು ತೀರ್ಮಾನಿಸುವುದು ಅವಸರದ ಮಾತು. ತಲೆಯೆಣಿಕೆಯಿಂದಲೂ ಉಡುಗೆಯಿಂದಲೂ ಅದನ್ನು ಅಳೆಯಲಾಗದು ಎಂಬಷ್ಟೇ ಇದರಿಂದ ತಿಳಿಯುತ್ತದೆ. ಹೆದರಿ ಬಾಗಿದವರ ಎದೆಯಲ್ಲಿ ಅದು ಉಳಿದಿರಬಹುದು. ಉಪದೇಶಿಸುವವರ ಎದೆಯಲ್ಲಿ ಬತ್ತಿಹೋಗಿರಬಹುದು. ಈ ತಕ್ಕಡಿಯನ್ನು ಮೊದಲು ನಮ್ಮ ನಮ್ಮ ಮನೆಯಲ್ಲಿ ಎತ್ತಿ ಹಿಡಿಯಬೇಕು.