ಜೀವವಿಕಾಸಕ್ಕೆ ಲೆಕ್ಕವಿಟ್ಟ ಹಾಲ್ಡೇನ್

ಜೀವಿಯೊಂದರಲ್ಲಿ ಹೊಸದಾಗಿ ಒಳ್ಳೆಯ ಗುಣ ಹುಟ್ಟಿದರೆ ಸಾಕು, ಅದು ತಾನಾಗಿಯೇ ಸಂತತಿಯುದ್ದಕ್ಕೂ ಹಬ್ಬುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆಯನ್ನು ಗಣಿತದ ಒರೆಗಲ್ಲಿಗೆ ಹಚ್ಚಿದವರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಅಗ್ರಗಣ್ಯರು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ವಿಜ್ಞಾನಿ ಭಾರತದ ಪ್ರಜೆಯಾಗಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು.

ಹಾಲ್ಡೇನ್ ಜನಿಸಿದ್ದು 1892ರ ನವೆಂಬರ್ 5ರಂದು, ಆಕ್ಸ್‌ಫರ್ಡಿನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಹೆಸರಾಂತ ಶರೀರಕ್ರಿಯಾ ವಿಜ್ಞಾನಿ. ಬಾಲ್ಯದಲ್ಲೇ ತಂದೆಯ ಪ್ರಯೋಗಗಳಿಗೆ ನೆರವಾದ ಮಗ ವಿಶ್ವವಿದ್ಯಾಲಯದಲ್ಲಿ ಓದಿದ್ದು ಗಣಿತ ಮತ್ತು ಪ್ರಾಚೀನ ಗ್ರೀಕ್, ಲ್ಯಾಟಿನ್ ಸಾಹಿತ್ಯ. ವಿಜ್ಞಾನದ ಪದವಿಯನ್ನು ಅವರು ಪಡೆಯಲೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಚೇತರಿಕೆಗೆಂದು ಬಂದಾಗ ಭಾರತದ ಮೊದಲ ಪರಿಚಯವಾಯಿತು. 1923ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ ಸೇರಿದರು.

ಮರುವರ್ಷವೇ ನೈಸರ್ಗಿಕ ಆಯ್ಕೆಯ ಗಣಿತ ಕುರಿತ ಅವರ ಲೇಖನಮಾಲೆ ಆರಂಭವಾಯಿತು. ಮ್ಯಾಂಚೆಸ್ಟರಿನಲ್ಲಿ 1848ರಲ್ಲಿ ಮೊದಲು ದಾಖಲಾದ ಕಪ್ಪು ಪತಂಗ ಅರ್ಧ ಶತಮಾನದೊಳಗೆ ಅಲ್ಲಿ ಬಿಳಿ ಪತಂಗಗಳನ್ನು ಬಹುಮಟ್ಟಿಗೆ ಹಿಂದಿಕ್ಕಿತ್ತು. ಇಷ್ಟು ವೇಗಕ್ಕೆ ಕಪ್ಪು ಪತಂಗಗಳು ಸುಮಾರು ಒಂದೂವರೆ ಪಟ್ಟು ಸಂತತಿಯನ್ನು ಉಳಿಸಿರಬೇಕೆಂದು ಹಾಲ್ಡೇನ್ ಲೆಕ್ಕ ಹಾಕಿದರು.

ಆದರೆ ಎಲ್ಲ ಗುಣಗಳಿಗೂ ಈ ಅದೃಷ್ಟವಿಲ್ಲ. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುವ ಅಪ್ರಬಲ ಗುಣ, ಎಲ್ಲರೂ ಎಲ್ಲರೊಡನೆ ಬೆರೆಯುವ ದೊಡ್ಡ ಸಮೂಹದಲ್ಲಿ ಬಹುಕಾಲ ಅಡಗಿಯೇ ಇರುತ್ತದೆ. ಆಯ್ಕೆಯ ಕಣ್ಣಿಗೆ ಅದು ಬೀಳುವುದಿಲ್ಲ. ರಕ್ತಸಂಬಂಧಿಗಳ ನಡುವೆ ಕೂಡುವಿಕೆ ನಡೆಯುವ ಸಮೂಹದಲ್ಲಿ ಅದೇ ಗುಣ ಬೇಗ ಹೊರಬಿದ್ದು ಬೇಗ ಹರಡುತ್ತದೆ ಎಂದು 1924ರಲ್ಲೇ ಅವರು ತೋರಿಸಿದರು.

1927ರ ಲೆಕ್ಕ ಇನ್ನಷ್ಟು ಅಚ್ಚರಿಯದು. ಶೇ. 1ರಷ್ಟು ಅನುಕೂಲ ತರುವ ಹೊಸ ಉತ್ಪರಿವರ್ತನೆ ದೊಡ್ಡ ಸಮೂಹದಲ್ಲಿ ಉಳಿದು ನೆಲೆಗೊಳ್ಳುವ ಸಂಭವ ಸುಮಾರು ಶೇ. 2 ಮಾತ್ರ. ನೂರಕ್ಕೆ ತೊಂಬತ್ತೆಂಟು ಒಳ್ಳೆಯ ಬದಲಾವಣೆಗಳು ಕೇವಲ ಆಕಸ್ಮಿಕವಾಗಿ ಅಳಿದುಹೋಗುತ್ತವೆ. 1930ರಲ್ಲಿ ಪ್ರತ್ಯೇಕತೆಯ ಪ್ರಶ್ನೆ ಎತ್ತಿಕೊಂಡರು. ಒಂದು ಪ್ರದೇಶಕ್ಕೆ ಹೊಂದುವ ಗುಣ ಅಲ್ಲಿ ಉಳಿಯಬೇಕಾದರೆ ಆಯ್ಕೆಯ ಬಲವು ಹೊರಗಿನಿಂದ ಬರುವ ವಲಸೆಯ ಪ್ರಮಾಣವನ್ನು ಮೀರಿರಬೇಕು. ಇಲ್ಲವಾದರೆ ವಲಸೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಗುಣದ ಹಣೆಬರಹವನ್ನು ಅದರ ಯೋಗ್ಯತೆಯೊಂದಿಗೆ ಸಮೂಹದ ರಚನೆಯೂ ಬರೆಯುತ್ತದೆ ಎಂಬುದು ಈ ಎಲ್ಲ ಲೆಕ್ಕಗಳ ಸಾರ.

1957ರಲ್ಲಿ ಲಂಡನ್ ತೊರೆದ ಹಾಲ್ಡೇನ್, ಪಿ.ಸಿ. ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಪತ್ನಿ ಹೆಲೆನ್ ಸ್ಪರ್ವೆಯೊಂದಿಗೆ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಬಂದರು. 1961ರಲ್ಲಿ ಭಾರತದ ಪೌರತ್ವ ಪಡೆದು, ಮರುವರ್ಷ ಭುವನೇಶ್ವರಕ್ಕೆ ತೆರಳಿದರು. ದಕ್ಷಿಣ ಭಾರತದಲ್ಲಿ ತಲೆಮಾರುಗಳಿಂದ ನಡೆದುಬಂದ ಸೋದರಮಾವ, ಅತ್ತೆಯ ಮಕ್ಕಳೊಡನೆಯ ಮದುವೆಗಳು ಅವರ ಕುತೂಹಲ ಕೆರಳಿಸಿದ್ದು ಸಹಜ. ಆಂಧ್ರದಲ್ಲಿ ಇವುಗಳ ಅಧ್ಯಯನಕ್ಕೆ ಶಿಷ್ಯರನ್ನು ಪ್ರೇರೇಪಿಸಿದರು.

1964ರ ಡಿಸೆಂಬರ್ 1ರಂದು ಕ್ಯಾನ್ಸರ್ ಅವರನ್ನು ಬಲಿ ತೆಗೆದುಕೊಂಡಿತು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು. ಔಷಧಿಗೆ ಜಗ್ಗದ ರೋಗಾಣುವೊಂದು ಹುಟ್ಟಿದಾಗ ಅದು ಹಬ್ಬೀತೇ, ಅಳಿದೀತೇ ಎಂದು ಅಂದಾಜಿಸುವ ಇಂದಿನ ಸಂಶೋಧಕರಿಗೂ 1927ರ ಆ ಲೆಕ್ಕವೇ ಮೊದಲ ಮೆಟ್ಟಿಲು.